ಬನ್ನಿ ಮುಡಿಯುವ ತನಕ ಮುಟ್ಟಬಾರದ ಪಿಸ್ತೂಲು

ಮೊಂಬಾಸಾ

ಆಫ್ರಿಕಾದ ನೆಲದಲ್ಲಿ ಮೊದಲು ತನಿಖೆಗೊಳಗಾದದ್ದು ನಾನಲ್ಲ, ಸವಣೂರಿನ ಖಾರ. ಅವ್ವ ಅದನ್ನು ಅಕ್ಕನಿಗೆಂದು ತಗಡಿನ ಡಬ್ಬಿಯಲ್ಲಿ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿದ್ದಳು. ಬಂದರಿನ ಸುಂಕದ ಅಧಿಕಾರಿ ಬಟ್ಟೆ ಬಿಚ್ಚಿದ, ಮೂಗಿನ ಹತ್ತಿರ ಒಯ್ದ, ಸೀನಿದ. ಇದು ಯಾತಕ್ಕೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ತಿನ್ನಲಿಕ್ಕೆ ಎಂದೆ. ಹಾಗಾದರೆ ನೀನೇ ಮೊದಲು ತಿನ್ನು ಎಂದ. ತಿಂದೆ. ಆಮೇಲೆ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಪಕ್ಕದ ಮೇಜಿನವನನ್ನು ಕರೆದ. ಆತ ಇನ್ನೊಬ್ಬನನ್ನು ಕರೆದ. ಡಬ್ಬಿ ನನ್ನ ಕೈಗೆ ಮರಳಿದಾಗ ಹಗುರಾಗಿತ್ತು.

ಅನಂತರ ಆಯುಧವೇನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಹೋಗುವುದು ಎಲ್ಲಿಗೆ ಎಂದ. ಅಬರ್‌ಡೇರ್ ಬೆಟ್ಟದ ಅಂಚಿನ, ಮರ ಕೊರೆಯುವ ಒಂದು ಸಾ ಮಿಲ್ಲಿಗೆ ಎಂದೆ. ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ.

"ಅಲ್ಲಿಗೆ ಹೋಗುವವರ ಹತ್ತಿರ ಇರಬೇಕಲ್ಲ?" ಎಂದ.

ನಮ್ಮ ಕಡೆ ಆಯುಧ ಇದ್ದವನು ಯಾಕೆ ಇದೆ ಎಂದು ಹೇಳಬೇಕು. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಹೊಲಕ್ಕೆ ಬರುವ ಹಂದಿ ಬೆದರಿಸಲು ಒಂದು ಬಂದೂಕು ಇದೆ. ಅದರ ಪರವಾನಗಿಗಾಗಿ ಅವನು ಕಚೇರಿಗೆ ತಿರುಗಿದಷ್ಟು ಹೊಲಕ್ಕೆ ತಿರುಗಿದ್ದರೆ ಹಂದಿಯೇ ಬರುತ್ತಿರಲಿಲ್ಲ. ಇಲ್ಲಿ ಇಲ್ಲದವನು ಯಾಕೆ ಇಲ್ಲ ಎಂದು ಹೇಳಬೇಕಾಗಿತ್ತು. ಡಬ್ಬಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿಕೊಂಡು ಹೊರಗೆ ನಡೆದೆ.

ಇದು ಐವತ್ತರ ದಶಕದ ನಡುವಿನ ಮಾತು. ಕೀನ್ಯಾ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಬಿಳಿಯರ ಪಾಲಾದ ತಮ್ಮ ಹೊಲಗಳಿಗಾಗಿ ಕಿಕುಯು ಜನರಲ್ಲಿ ಕೆಲವರು ಕಾಡು ಸೇರಿ ಕಾದಾಟ ಹೂಡಿದ್ದರು. ಸರಕಾರ ತುರ್ತುಪರಿಸ್ಥಿತಿ ಸಾರಿತ್ತು. ಕಿಕುಯು ಒಬ್ಬನ ಕಿಸೆಯಲ್ಲಿ ಒಂದು ಗುಂಡು ಸಿಕ್ಕರೂ ಅವನನ್ನು ಗಲ್ಲಿಗೇರಿಸಬಹುದಾಗಿತ್ತು. ಕಾಡಿನ ಅಂಚಿನಲ್ಲಿದ್ದ ಬಿಳಿಯರಿಗೂ ಹಿಂದೂಸ್ತಾನದವರಿಗೂ ಮಾತ್ರ ರಿವಾಲ್ವರಿನ ಪರವಾನಗಿ. ಅದನ್ನು ಅವರು ಮೈಮೇಲಿಂದ ಇಳಿಸುವಂತಿಲ್ಲ. ಕೈ ತಪ್ಪಿದರೆ ಅದು ಕಾಡಿಗೆ ಹೋಗುತ್ತದೆ, ಇಟ್ಟುಕೊಂಡಿದ್ದವನು ಜೈಲಿಗೆ ಹೋಗುತ್ತಾನೆ.

ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿದ್ದೆ. ಈ ಸುದ್ದಿಗಳನ್ನು ನಾನೇ ಕನ್ನಡಕ್ಕೆ ಇಳಿಸಿ ಅಚ್ಚಿಗೆ ಕಳಿಸುತ್ತಿದ್ದೆ. ಸವಣೂರಿನಲ್ಲಿ ಅವ್ವ ಅವನ್ನು ನೆರೆಮನೆಯವರಿಂದ ಓದಿಸಿ ಕೇಳುತ್ತಿದ್ದಳು. ಕೊನೆಗೆ ಒಂದು ದಿನ, "ಬರೀ ಸುದ್ದಿ ಹಾಕ್ಕೋತ ಕುಂದರಬ್ಯಾಡ. ಹೋಗಿ ನೀಲವ್ವನ್ನ ಕರ್ಕೊಂಡು ಬಾ" ಎಂದಳು. ನೀಲವ್ವ ನನ್ನ ಅಕ್ಕ.

ಮಿಲ್ಲು

ಅಕ್ಕನ ಗಂಡ, ನನ್ನ ಮಾಮಾ ಬಸಪ್ಪ, ಹಾನಗಲ್ಲಿನವರು. ಅಲ್ಲಿಯ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿ ಅಳೆಯುತ್ತಿದ್ದ ಅವರನ್ನು ಕಚ್ಛಿ ಮಾಲೀಕರೊಬ್ಬರು ಕೀನ್ಯಾದ ತಮ್ಮ ಮಿಲ್ಲಿಗೆ ಕರೆದೊಯ್ದಿದ್ದರು. ನೈರೋಬಿಯ ನಿಲ್ದಾಣಕ್ಕೆ ಅವರು ಲಾರಿ ತಂದಿದ್ದರು. ತಬ್ಬಿಕೊಂಡಾಗ ನನ್ನ ಪಕ್ಕೆಗೆ ಏನೋ ಗಟ್ಟಿಯಾದದ್ದು ಒತ್ತಿತು. ಕೋಟು ಸರಿಸಿ ತೋರಿಸಿದರು. ಗೇಣಿಗಿಂತ ಸಣ್ಣ ರಿವಾಲ್ವರು, ಮೋಟು ನಳಿಗೆ, ಚರ್ಮದ ಚೀಲದೊಳಗೆ ಬೆಕ್ಕಿನ ಮರಿಯ ಹಾಗೆ ಮುದುರಿ ಕುಳಿತಿತ್ತು.

"ಹೊಡೆದೀರೇನ್ರಿ ಮಾಮಾ?"

"ಒಮ್ಮೆ. ಗುರಿ ಕಲಿಸಾಕ ಕರದಿದ್ರು. ಹಲಗೀಗೆ ಹೊಡಿ ಅಂದ್ರು. ಹಲಗಿ ಹಿಡಿದಿದ್ದ ಗೂಟಕ್ಕ ಹತ್ತಿತು. ಪಾಸ್ ಮಾಡಿದ್ರು."

ಮಿಲ್ಲು ಸೆಡಾರ್ ಮರಗಳ ನಡುವೆ ಇತ್ತು. ಮರದ ಹೊಟ್ಟಿನ ವಾಸನೆ ಹಾನಗಲ್ಲಿನ ಅಡ್ಡೆಯದೇ. ಚಳಿ ಮಾತ್ರ ಬೇರೆ. ರಿವಾಲ್ವರು ಆ ಮನೆಯ ಮೂರನೆಯ ಸದಸ್ಯನಾಗಿತ್ತು. ಮಾಮಾ ಊಟಕ್ಕೆ ಕುಳಿತಾಗ ತಾಟಿನ ಬಲಕ್ಕೆ ಅದು, ಸ್ನಾನಕ್ಕೆ ಹೋದರೆ ಬಚ್ಚಲ ಗೂಟಕ್ಕೆ ಅದು. "ನನ್ನ ಮದುವಿಯಾದಾಗಿಂದ ಇಷ್ಟು ಕಾಳಜೀಲೆ ನನ್ನ ನೋಡಿಲ್ಲ ನೋಡು ತಮ್ಮಾ" ಎಂದಳು ಅಕ್ಕ. ಊರಿಗೆ ಬಾ ಎಂದರೆ, ಇವರನ್ನು ಬಿಟ್ಟು ಬರುವುದಿಲ್ಲ ಎಂದಳು. ಮಾಮಾನನ್ನು ಕೇಳಿದರೆ, ಹಾನಗಲ್ಲಿನಲ್ಲಿ ತಮ್ಮ ಜಾಗಕ್ಕೆ ಬೇರೆಯವರು ಬಂದಾಗಿದೆ, ಹೋಗಿ ತಿನ್ನುವುದೇನು ಎಂದರು.

ಆ ಭಾಗದ ಪೊಲೀಸ್ ಇನ್‌ಸ್ಪೆಕ್ಟರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ರಿವಾಲ್ವರನ್ನೂ ಗುಂಡುಗಳನ್ನೂ ನೋಡಿ ಹೋಗುತ್ತಿದ್ದ. ಕೆಂಪು ಮೀಸೆಯ ಇಂಗ್ಲಿಷಿನವನು, ಮಾತು ಕಡಿಮೆ. ನನ್ನೆದುರಿಗೇ ಮಾಮಾನಿಗೆ ಹೇಳಿದ: "ಮಿಸ್ಟರ್ ಬಸಪ್ಪ, ಇದು ನಿಮ್ಮ ಮೈಮೇಲೆ ಇಲ್ಲದ್ದನ್ನು ನಾನು ಒಮ್ಮೆ ಕಂಡರೆ ಸಾಕು. ಪರವಾನಗಿ ಹೋಯಿತು. ಪರವಾನಗಿ ಇಲ್ಲದವನು ಈ ಅಂಚಿನಲ್ಲಿ ವಾಸ ಮಾಡುವಂತಿಲ್ಲ. ಕೆಲಸವೂ ಹೋಯಿತು." ಬೆದರಿಸುವ ದನಿ ಅದಾಗಿರಲಿಲ್ಲ. ರೈಲಿನ ವೇಳೆ ಹೇಳುವ ಹಾಗೆ ಹೇಳಿದ.

ಕಡಿಯಬೇಕಾದ ಮರ ಗುರುತಿಸಲು ಮಾಮಾ ಕಾಡಿಗೆ ಹೋಗುವಾಗ ನಾನೂ ಜೊತೆಗೆ ಹೋದೆ. ಮುಂದೆ ದಾರಿ ತೋರಿಸುತ್ತ ಮ್ವಾಂಗಿ. ನಡುವಯಸ್ಸಿನ ಕಿಕುಯು, ಮಿಲ್ಲಿನ ದೊಡ್ಡ ಗರಗಸ ನಡೆಸುವವನು, ಮಾಮಾ ಬಂದ ದಿನದಿಂದ ಅವರ ಜೊತೆಗಾರ. ಒಂದು ಏರಿನಲ್ಲಿ ಮಾಮಾ ಪಟ್ಟಾ ಬಿಚ್ಚಿ, "ನೀ ಒಂದಿಷ್ಟು ಹಿಡಿ, ಪೇಪರ್ ಸಾಹೇಬ. ಸೊಂಟ ಹಿಡಕೊಂಡೈತಿ" ಎಂದು ನನ್ನ ನಡುವಿಗೆ ಕಟ್ಟಿದರು. ಕಾಯಿದೆ ಏನು ಹೇಳುತ್ತದೆ ಎಂದೆ. "ಕಾಯಿದೆ ಏರು ಹತ್ತೂದಿಲ್ಲ" ಎಂದರು.

ಶಿಗ್ಗಾಂವಿಯಿಂದ ತಡಸದ ಕಡೆಗೆ ನಾನು ಎಷ್ಟೋ ಸಲ ಕಾಡುದಾರಿಯಲ್ಲಿ ನಡೆದಿದ್ದೇನೆ. ಕೈಯಲ್ಲಿ ಒಂದು ಕೋಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೆದರಿಕೆ ಎಂದರೆ ಹಾವಿನದು ಮಾತ್ರ. ಇಲ್ಲಿ ಅಷ್ಟು ಸಣ್ಣ ವಸ್ತು ನಡುವಿಗೆ ಬಂದ ಕ್ಷಣದಿಂದ ನನ್ನ ನಡಿಗೆ ಬದಲಾಯಿತು. ಪ್ರತಿ ಪೊದೆಯನ್ನೂ ನೋಡತೊಡಗಿದೆ. ಎಲೆ ಅಲ್ಲಾಡಿದರೆ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಮೇಲೆ ಬಿಳಿ ಬಾಲದ ಕಪ್ಪು ಕೋತಿಗಳು ಕುಳಿತಿದ್ದವು, ಅಷ್ಟೇ. ನನ್ನ ಮುಂದೆ ಇದ್ದದ್ದು ಮ್ವಾಂಗಿಯ ಬೆನ್ನು. ಈ ರಿವಾಲ್ವರು ಅವನನ್ನು ಕಾಯಲಿಕ್ಕೋ, ಅವನಿಂದ ನಮ್ಮನ್ನು ಕಾಯಲಿಕ್ಕೋ? ಕೆಲವೇ ವರ್ಷಗಳ ಹಿಂದೆ ನಮ್ಮ ಊರುಗಳಲ್ಲೂ ಬ್ರಿಟಿಷರ ವಿರುದ್ಧ ಹುಡುಗರು ಕಾಡು ಸೇರಿದ್ದರು, ಅವರಿಗೆ ನಮ್ಮ ಹೆಂಗಸರು ರೊಟ್ಟಿ ಮುಟ್ಟಿಸಿದ್ದರು. ಈಗ ನಾನು ಬ್ರಿಟಿಷ್ ಪರವಾನಗಿಯ ಆಯುಧ ಕಟ್ಟಿಕೊಂಡು ಮತ್ತೊಬ್ಬರ ಕಾಡಿನಲ್ಲಿ ನಡೆಯುತ್ತಿದ್ದೆ. ಏರು ಮುಗಿಯುತ್ತಲೇ ಬಿಚ್ಚಿ ಕೊಟ್ಟುಬಿಟ್ಟೆ.

ಖಂಡೆ ಪೂಜೆ

ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಮಿಲ್ಲಿಗೆ ರಜೆ. ನಮ್ಮ ಕಡೆಯ ಹಾಗೆಯೇ ಅಕ್ಕ ಕಬ್ಬಿಣದ್ದೆಲ್ಲವನ್ನೂ ತೊಳೆದು ದೇವರ ಮುಂದೆ ಇಟ್ಟಳು: ಗರಗಸದ ಅಲಗು, ಬಾಚಿ, ಉಳಿ, ಕೊಡಲಿ, ಈಳಿಗೆ, ನಾನು ತಂದಿದ್ದ ಅಡಕೊತ್ತು. ಒಂದೊಂದಕ್ಕೂ ಕುಂಕುಮ, ಸವಣೂರಿನ ಬೀಜದಿಂದ ಡಬ್ಬಿಯಲ್ಲಿ ಬೆಳೆಸಿದ ಚೆಂಡುಹೂ.

ಮಾಮಾ ಸ್ನಾನ ಮುಗಿಸಿ ಹೊರಗೆ ಬಂದರು. ಬಚ್ಚಲ ಗೂಟದಲ್ಲಿ ಖಾಲಿ ಚೀಲ ನೇತಾಡುತ್ತಿತ್ತು.

"ನೀಲಾ! ಎಲ್ಲೈತಿ ಅದು?"

"ಎಲ್ಲಿ ಇರಬೇಕೋ ಅಲ್ಲೈತ್ರಿ."

ನಾವಿಬ್ಬರೂ ನೋಡಿದೆವು. ಈಳಿಗೆಗೂ ಅಡಕೊತ್ತಿಗೂ ನಡುವೆ, ನಳಿಗೆಗೆ ಕುಂಕುಮ ಬಳಿದುಕೊಂಡು, ಹೂವಿನ ಕೆಳಗೆ ರಿವಾಲ್ವರು ಕುಳಿತಿತ್ತು. ಆರತಿ ಆಗಿಹೋಗಿತ್ತು.

"ಅದನ್ಯಾಕ ಇಟ್ಟೀ?"

"ಖಂಡೆ ಪೂಜಿಗೆ ಆಯುಧ ಇಡದ ಚಮಚಾ ಇಡ್ಲೇನ್ರಿ? ಮನ್ಯಾಗ ಇರೂದು ಅದೊಂದ ಆಯುಧ."

"ಇನ್‌ಸ್ಪೆಕ್ಟರ್ ಬಂದ್ರ?"

"ಬರ್ಲಿ. ಪ್ರಸಾದ ಕೊಡ್ತೇನಿ."

ಪೂಜೆಗಿಟ್ಟ ಆಯುಧವನ್ನು ಮರುದಿನ ದಶಮಿಗೆ ಬನ್ನಿ ಮುಡಿಯುವ ತನಕ ಎತ್ತಬಾರದು. ಓದುಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಬನ್ನಿ ಗಿಡಕ್ಕೆ ಹೋಗಿ, ಎಲೆ ತಂದು, ದೇವರಿಗೆ ಏರಿಸಿ, ಒಬ್ಬರಿಗೊಬ್ಬರು ಕೊಟ್ಟ ಮೇಲೆಯೇ ಕುಡುಗೋಲಿಗೂ ಕೈ. ಮಾಮಾ ಕೈ ಮುಂದೆ ಮಾಡಿದರು. ಅಕ್ಕ ನೋಡಿದಳು. ಅವರ ಕೈ ಹೂವಿನ ಹತ್ತಿರ ಬಂದು ನಿಂತಿತು. ಅವರ ದೊಡ್ಡಪ್ಪ ಒಮ್ಮೆ ಬನ್ನಿಗೆ ಮೊದಲೇ ಕೊಡಲಿ ಎತ್ತಿ ಕಾಲು ಕಡಿದುಕೊಂಡಿದ್ದನಂತೆ. ಅದು ನಿಜವೋ ಅಲ್ಲವೋ, ಮಾಮಾ ಕೈ ಹಿಂದಕ್ಕೆ ತೆಗೆದುಕೊಂಡದ್ದು ನಿಜ.

ಆದರೆ ಹೊರಗೆ ಖಾಲಿ ಚೀಲದೊಂದಿಗೆ ತಿರುಗುವುದು ಹೇಗೆ? ಮಡಿಚಿದ ಅರಿವೆ ತುರುಕಿದರು. ಚೀಲ ಜೋತುಬಿತ್ತು. ಏನೋ ಕೇಳಲು ಬಂದ ಮ್ವಾಂಗಿ ಬಾಗಿಲಲ್ಲಿ ನಿಂತು ನೋಡಿದ. ದೇವರ ಮುಂದಿನ ರಿವಾಲ್ವರನ್ನೂ ನೋಡಿದ. ತನ್ನ ಹಿತ್ತಲಿಗೆ ಹೋಗಿ ಗೋವಿನಜೋಳದ ಒಂದು ಗಿಡ್ಡ ತೆನೆ ಮುರಿದು ತಂದುಕೊಟ್ಟ. ಚೀಲಕ್ಕೆ ಹಾಕಿ ಗುಂಡಿ ಹಚ್ಚಿದಾಗ ಅಳತೆಗೆ ಹೊಲಿಸಿದಂತೆ ಕುಳಿತಿತು. ಮಾಮಾ ನಕ್ಕರು. ಆ ಮನೆಯ ಗುಟ್ಟು ಈಗ ಕಿಕುಯು ಒಬ್ಬನಿಗೂ ಗೊತ್ತಾಗಿದೆ ಎಂಬುದು ನನಗೆ ಹೊಳೆದದ್ದು ಅವನು ಹೋದ ಮೇಲೆ.

ಬನ್ನಿ ಗಿಡ

ಬನ್ನಿ ಅಲ್ಲಿಲ್ಲ. ಅದನ್ನು ಹೋಲುವ, ಅದೇ ಸಣ್ಣ ಎಲೆಯ, ಅದೇ ಮುಳ್ಳಿನ ಒಂದು ಜಾಲಿ ಜಾತಿಯ ಮರ ಕಾಡು ದಾಟಿ ಇಳಿಜಾರಿನಲ್ಲಿತ್ತು. ಅಕ್ಕ ವರ್ಷವೂ ಅದರ ಎಲೆಯನ್ನೇ ತರಿಸುತ್ತಿದ್ದಳು. ದಶಮಿಯ ಬೆಳಿಗ್ಗೆ ಹೊರಟು ನಿಂತಾಗ ನನಗೆ ಒಂದು ವಿಷಯ ಹೊಳೆಯಿತು. ಕಾಡಿನಲ್ಲಿ ನಡೆಯಲು ರಿವಾಲ್ವರು ಬೇಕು. ರಿವಾಲ್ವರು ಎತ್ತಲು ಬನ್ನಿ ಬೇಕು. ಬನ್ನಿಗೆ ಕಾಡಿನಲ್ಲೇ ನಡೆಯಬೇಕು. ಮಾಮಾನಿಗೆ ಹೇಳಿದೆ. "ಬೆಳಿಗ್ಗೆ ಬೆಳಿಗ್ಗೆ ತಲಿ ತಿನಬ್ಯಾಡ, ನಡಿ" ಎಂದರು.

ಅಂದಿನ ನಡಿಗೆ ಹಗುರಾಗಿತ್ತು. ತೆನೆಗೆ ತೂಕವಿಲ್ಲವೆಂದೋ ಏನೋ, ಮಾಮಾ ಏರಿನಲ್ಲೂ ಮಾತಾಡುತ್ತಿದ್ದರು. ಮ್ವಾಂಗಿ ಈ ಎಲೆ ಯಾಕೆ ಎಂದು ಸ್ವಾಹಿಲಿಯಲ್ಲಿ ಕೇಳಿದ. ಹಾನಗಲ್ಲಿನವರ ಹತ್ತಿರ ಇದನ್ನು ಕೇಳಬಾರದು. ನಮ್ಮೂರೇ ವಿರಾಟನಗರ, ಪಾಂಡವರು ವೇಷ ಮರೆಸಿಕೊಂಡು ಇದ್ದದ್ದು ಅಲ್ಲೇ, ಊರ ಹೊರಗಿನ ಬನ್ನಿ ಮರದಲ್ಲಿ ಆಯುಧ ಬಚ್ಚಿಟ್ಟಿದ್ದರು ಎಂದು ಮಾಮಾ ಶುರುಮಾಡಿದರು. ನಡುನಡುವೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಯಾರಿಗೂ ಸಿಗಲಿಲ್ಲೇನು ಅಂತ ಕೇಳಾಕತ್ತಾನ. ಹೆಣದಾಂಗ ಮೂಟಿ ಕಟ್ಟಿ ತೂಗ ಹಾಕಿದ್ರು, ಯಾರೂ ಹತ್ರ ಹೋಗಲಿಲ್ಲ ಅಂದೆ."

ಮ್ವಾಂಗಿ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಸ್ವಲ್ಪ ದೂರ ಹೋಗಿ ಮತ್ತೆ ಏನೋ ಕೇಳಿದ.

"ಆಯುಧ ತಿರುಗಿ ತೊಗೊಂಡ್ರೇನು ಅಂತಾನ. ತೊಗೊಂಡ್ರು ಅಂದೆ. ರಾಜ್ಯ ಸಿಕ್ಕಿತೇನು ಅಂತಾನ. ಸಿಕ್ಕಿತು ಅಂದೆ."

ಮ್ವಾಂಗಿ ತಲೆಯಾಡಿಸಿ ಮುಂದೆ ನಡೆದ. ಅದು ಕಥೆ ಕೇಳುವವನ ತಲೆಯಾಡಿಸುವಿಕೆಯೋ, ಬೇರೆಯದೋ ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಮರದ ಬುಡಕ್ಕೆ ಮಾಮಾ ನೀರು ಹಾಕಿದರು, ಕುಂಕುಮ ಬಳಿದರು, ಕಾಂಡಕ್ಕೆ ನೂಲು ಸುತ್ತಿದರು, ಲೋಬಾನ ಹಾಕಿ ತೆಂಗಿನಕಾಯಿ ಒಡೆದರು. ನನ್ನ ಹಣೆಗೂ ಮ್ವಾಂಗಿಯ ಹಣೆಗೂ ಕುಂಕುಮ ಹಚ್ಚಿದರು. ಎಲೆ ಹರಿದು ಟವೆಲಿನಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ ಕೆಳಗೆ ಜೀಪಿನ ಸದ್ದು ಕೇಳಿಸಿತು. ಲೋಬಾನದ ಹೊಗೆ ಮರಕ್ಕಿಂತ ಎತ್ತರ ಏರಿತ್ತು.

ಆಯುಧ ಎಲ್ಲಿ?

ಇನ್‌ಸ್ಪೆಕ್ಟರು ನಾಲ್ಕಾರು ಪೇದೆಗಳೊಡನೆ ಹತ್ತಿ ಬಂದ. ಮರ ನೋಡಿದ, ಕೆಂಪು ಬಳಿದ ಕಾಂಡ, ಸುತ್ತಿದ ನೂಲು, ಒಡೆದ ಕಾಯಿ ನೋಡಿದ. ಕೊನೆಗೆ ಮ್ವಾಂಗಿಯ ಹಣೆ ನೋಡಿದ. ಒಂದು ಮಾತಿಗೆ ಪೇದೆಗಳು ಮ್ವಾಂಗಿಯನ್ನು ನೆಲಕ್ಕೆ ಕೂರಿಸಿ ಕೈಗಳನ್ನು ತಲೆಯ ಮೇಲೆ ಇರಿಸಿದರು.

ಕಾಡು ಸೇರುವವರು ಮರದ ಕೆಳಗೆ ರಕ್ತ ಮುಟ್ಟಿ ಆಣೆ ಇಡುತ್ತಾರೆ ಎಂದು ನಾನೇ ಹುಬ್ಬಳ್ಳಿಯಲ್ಲಿ ಕುಳಿತು ಅಚ್ಚಿಗೆ ಕಳಿಸಿದ್ದೆ. ಆಣೆ ಇಟ್ಟವನಿಗೂ ಇಡಿಸಿದವನಿಗೂ ಏನಾಗುತ್ತದೆ ಎಂಬುದೂ ಅದೇ ಸುದ್ದಿಯಲ್ಲಿತ್ತು.

"ಇದು ಪೂಜೆ, ಸಾಹೇಬರೆ" ಎಂದರು ಮಾಮಾ, ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ. "ನಮ್ಮ ಹಬ್ಬ. ನಮ್ಮ ಹಿರಿಯರು ಇಂಥ ಮರದಲ್ಲೇ ಆಯುಧ ಬಚ್ಚಿಟ್ಟಿದ್ದರು."

ಹಾನಗಲ್ಲಿನ ಯಾವ ಮನುಷ್ಯನೂ ದಶಮಿಯ ದಿನ ಆಡುವ ಮಾತು ಅದು. ಆ ದಿನ, ಆ ಮರದ ಕೆಳಗೆ ಅದನ್ನು ಕೇಳಿ ಇನ್‌ಸ್ಪೆಕ್ಟರ್ ಪೇದೆಗಳ ಕಡೆ ತಿರುಗಿದ. ಇಬ್ಬರು ಮರ ಹತ್ತಿದರು, ಉಳಿದವರು ಬುಡ ಅಗೆಯತೊಡಗಿದರು. ಅದು ಪುರಾಣದ ಮಾತು, ಈ ಮರದ ಮಾತಲ್ಲ ಎಂದು ನಾನು ವಿವರಿಸಹೋದೆ. ನೀನು ಯಾರು ಎಂದ. ಪತ್ರಿಕೆಯವನು ಎಂದೆ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ.

ಮರದಲ್ಲಿ ಒಂದು ಹಕ್ಕಿಯ ಗೂಡು ಸಿಕ್ಕಿತು. ಬುಡದಲ್ಲಿ ಬೇರು.

ಇನ್‌ಸ್ಪೆಕ್ಟರ್ ಕಾಂಡದ ಕುಂಕುಮವನ್ನು ಬೆರಳಿಗೆ ತಾಗಿಸಿ ಮೂಸಿದ. "ನಾನು ಪುಣೆಯಲ್ಲಿ ಇದ್ದೆ. ದಸರೆ ಗೊತ್ತು" ಎಂದ. "ಅದು ಆಯುಧಗಳ ಪೂಜೆ ಅಲ್ಲವೇ?"

"ಹೌದು, ಹೌದು" ಎಂದರು ಮಾಮಾ.

"ಹಾಗಾದರೆ ಆಯುಧ ಎಲ್ಲಿ? ನಿಮ್ಮದು ಸೊಂಟದಲ್ಲೇ ಇದೆ. ಅದರ ಚೀಲಕ್ಕೂ ಕುಂಕುಮ ಹತ್ತಿಲ್ಲ. ಮರಕ್ಕೆ ಹತ್ತಿದೆ, ಇವನ ಹಣೆಗೆ ಹತ್ತಿದೆ. ಹಿಂದೂವಿನ ಹಬ್ಬದಲ್ಲಿ ಇವನಿಗೆ ಏನು ಕೆಲಸ?"

ಚೀಲದಲ್ಲಿ ಏನಿದೆ ಎಂಬುದು ಅಲ್ಲಿ ಮೂವರಿಗೆ ಗೊತ್ತಿತ್ತು. ಮ್ವಾಂಗಿ ಒಂದು ಮಾತು ಆಡಿದ್ದರೆ ಇನ್‌ಸ್ಪೆಕ್ಟರನ ಗಮನ ಅವನಿಂದ ಆಚೆ ಹೋಗುತ್ತಿತ್ತು. ಅವನು ನೆಲ ನೋಡುತ್ತ ಕುಳಿತಿದ್ದ. ಪೇದೆಯೊಬ್ಬ ಅವನ ಕೈಗೆ ಬೇಡಿ ಹಾಕಲು ಬಗ್ಗಿದ.

"ತಡೀರಿ" ಎಂದರು ಮಾಮಾ, ಕನ್ನಡದಲ್ಲೇ. ಚೀಲದ ಗುಂಡಿ ಬಿಚ್ಚಿದರು. ತೆನೆ ತೆಗೆದು ಅಂಗೈಯಲ್ಲಿ ಹಿಡಿದರು. ಒಂದೆರಡು ಕಾಳು ಉದುರಿದವು.

"ಆಯುಧ ಮನೆಯಲ್ಲಿ ದೇವರ ಮುಂದೆ ಇದೆ. ಇದೇ ಕುಂಕುಮ ಅದಕ್ಕೂ ಇದೆ. ಬಂದು ನೋಡಿ."

ಇನ್‌ಸ್ಪೆಕ್ಟರ್ ತೆನೆಯನ್ನು ಬಹಳ ಹೊತ್ತು ನೋಡಿದ. ನಗುತ್ತಾನೆಂದು ಕಾದೆ. ನಗಲಿಲ್ಲ.

"ನಿನ್ನೆಯಿಂದಲೇ?"

"ನಿನ್ನೆಯಿಂದಲೇ."

"ಹೀಗೆ ಹೇಳಿದರೆ ಏನಾಗುತ್ತದೆ ಗೊತ್ತೇ?"

"ನೀವೇ ಹೇಳಿದ್ದೀರಿ."

ಮನೆಯ ಬಾಗಿಲಿನಲ್ಲಿ

ಜೀಪಿನಲ್ಲಿ ಮ್ವಾಂಗಿ ಹಿಂದೆ, ನಾವು ಮುಂದೆ. ಮಾಮಾನ ಮಡಿಲಲ್ಲಿ ಬನ್ನಿಯ ಗಂಟು. ಅಕ್ಕ ಹೊಸ್ತಿಲಲ್ಲಿ ನಿಂತು ಇನ್‌ಸ್ಪೆಕ್ಟರನ ಕಾಲು ನೋಡಿದಳು.

"ಬೂಟು ಹೊರಗ ಬಿಡಾಕ ಹೇಳು ತಮ್ಮಾ."

ಹೇಳಿದೆ. ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ, ಬಗ್ಗಿ ಲೇಸು ಬಿಚ್ಚಿದ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ದೇವರ ಮುಂದೆ ನಿಂತು ನೋಡಿದ: ಅಲಗು, ಕೊಡಲಿ, ಈಳಿಗೆ, ಅಡಕೊತ್ತು, ಬಾಡಿದ ಹೂವಿನ ಕೆಳಗೆ ತಾನೇ ಪರವಾನಗಿ ಕೊಡಿಸಿದ ರಿವಾಲ್ವರು. ಬೆರಳಿನ ಕುಂಕುಮವನ್ನೂ ನಳಿಗೆಯ ಕುಂಕುಮವನ್ನೂ ಹೋಲಿಸಿದ. ಹೊರಗೆ ಮುಖಮಾಡಿ ಪೇದೆಗಳಿಗೆ ಕೂಗಿ ಹೇಳಿದ. ಮ್ವಾಂಗಿಯನ್ನು ಜೀಪಿನಿಂದ ಇಳಿಸಿದರು.

ಆಮೇಲೆ ಇನ್‌ಸ್ಪೆಕ್ಟರ್ ರಿವಾಲ್ವರಿಗೆ ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಅಕ್ಕ ಅಡ್ಡ ನಿಂತಳು. ಯಾಕೆ ಬಂದಿದ್ದಾನೆ, ಏನಾಗಿದೆ ಎಂದು ಮಾಮಾ ಎರಡು ಮಾತಿನಲ್ಲಿ ಹೇಳಿದರು. ಅವಳ ಮುಖ ಸಣ್ಣದಾಯಿತು. ಆದರೂ ಸರಿಯಲಿಲ್ಲ. "ಒಯ್ಯಲಿ. ಬನ್ನಿ ಮುಡದ ಮ್ಯಾಲೆ ಒಯ್ಯಲಿ."

ಮಾಮಾ ಗಂಟು ಬಿಚ್ಚಿದರು. ಅಕ್ಕ ದೇವರಿಗೆ ಎಲೆ ಏರಿಸಿ, ಮಾಮಾನಿಗೆ ಕೊಟ್ಟಳು, ನನಗೆ ಕೊಟ್ಟಳು. ಇನ್‌ಸ್ಪೆಕ್ಟರನ ಅಂಗೈಯಲ್ಲೂ ಎರಡು ಎಲೆ ಇಟ್ಟು, "ಬಂಗಾರ ತೊಗೊಂಡು ಬಂಗಾರದಾಂಗ ಇರ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇತ್ತು, ಮಾತಿನಲ್ಲಿ ಇರಲಿಲ್ಲ. ಅವನು ಏನು ಮಾಡಬೇಕು ಎಂದು ನನ್ನನ್ನು ಕೇಳಿದ. ತಿರುಗಿ ಅವಳಿಗೂ ಎಲೆ ಕೊಡಬೇಕು ಎಂದೆ. ಕೊಟ್ಟ. ಅಕ್ಕ ಅದನ್ನು ತುರುಬಿಗೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದಳು. ಅವನು ರಿವಾಲ್ವರು ಎತ್ತಿಕೊಂಡ. ಹೂವು ಕೆಳಗೆ ಬಿತ್ತು. ಬಗ್ಗಿ ಅದನ್ನೂ ಎತ್ತಿ ಅಲ್ಲೇ ಇಟ್ಟ.

ಜೈಲಾಗಲಿಲ್ಲ. ಪರವಾನಗಿ ರದ್ದಾಯಿತು, ಮಿಲ್ಲು ಬಿಡಬೇಕೆಂದು ಹುಕುಂ ಬಂತು. ಅವ್ವನ ಕೆಲಸ ನಾನು ಮುಗಿಸಿದಂತಾಯಿತು, ಆದರೆ ನಾನೇನೂ ಮಾಡಿರಲಿಲ್ಲ. ಹೊರಡುವ ದಿನ ಮ್ವಾಂಗಿ ಲಾರಿಯ ತನಕ ಬಂದ. ಮಾಮಾ ಅವನ ಎರಡೂ ಕೈ ಹಿಡಿದುಕೊಂಡು ನಿಂತರು. ಅವನ ಅಂಗಿಯ ಕಿಸೆಯಲ್ಲಿ ಒಣಗಿದ ಬನ್ನಿ ಎಲೆ ಕಾಣುತ್ತಿತ್ತು. ಅದನ್ನು ಅವನು ಯಾಕೆ ಇಟ್ಟುಕೊಂಡಿದ್ದ ಎಂದು ಕೇಳಲು ನನಗೆ ಭಾಷೆ ಇರಲಿಲ್ಲ.

ಹಾನಗಲ್

ಮಾಮಾ ಈಗ ಹಾನಗಲ್ಲಿನ ಒಂದು ಅಡ್ಡೆಯಲ್ಲಿ ಮತ್ತೆ ದಿಮ್ಮಿ ಅಳೆಯುತ್ತಾರೆ. ಮೊದಲಿನ ಜಾಗ ಅಲ್ಲ, ಅದಕ್ಕಿಂತ ಕೆಳಗಿನದು. ಕೀನ್ಯಾ ಸ್ವತಂತ್ರವಾದ ಸುದ್ದಿ ನನ್ನ ಮೇಜಿಗೇ ಬಂತು. ನಾನೇ ಕನ್ನಡಕ್ಕೆ ಇಳಿಸಿದೆ. ಅದರಲ್ಲಿ ಇದ್ದ ಹೆಸರುಗಳು ದೊಡ್ಡವರವು. ಮರ ಕೊರೆಯುವವರ ಹೆಸರು ತಂತಿಯಲ್ಲಿ ಬರುವುದಿಲ್ಲ.

ಕಳೆದ ದಸರೆಗೆ ಹಾನಗಲ್ಲಿಗೆ ಹೋಗಿದ್ದೆ. ಖಂಡೆ ಪೂಜೆಯಲ್ಲಿ ಈಳಿಗೆಯ ಪಕ್ಕ ಆ ಹಳೆಯ ಚರ್ಮದ ಚೀಲ ಇತ್ತು. ಅದು ಮಾಮಾ ತಮ್ಮ ದುಡ್ಡಿನಿಂದ ಕೊಂಡದ್ದಾದ್ದರಿಂದ ಸರಕಾರ ಒಯ್ದಿರಲಿಲ್ಲ. ಒಳಗೆ ಏನಿದೆ ಎಂದು ಅಕ್ಕನನ್ನು ಕೇಳಿದೆ. "ಬಿಚ್ಚಬ್ಯಾಡ, ಇನ್ನ ಬನ್ನಿ ಮುಡದಿಲ್ಲ" ಎಂದಳು.

ಮರುದಿನ ಊರ ಹೊರಗಿನ ಬನ್ನಿ ಗಿಡದ ಕೆಳಗೆ ಎಲೆ ಕೊಡುತ್ತ ಮಾಮಾ ಕೇಳಿದರು: "ಆ ಕಡೆ ಸುದ್ದಿ ಏನರ ಬಂತೇನೋ, ಪೇಪರ್ ಸಾಹೇಬ?"

"ರಾಜ್ಯ ಸಿಕ್ತಲ್ರಿ ಮಾಮಾ, ಅವರಿಗೆ."

"ಅದು ಗೊತ್ತೈತಿ." ಕೈಯಲ್ಲಿ ಉಳಿದಿದ್ದ ಎಲೆಗಳನ್ನು ನೋಡಿದರು. "ರಾಜ್ಯ ಸಿಕ್ಕಿತೇನು ಅಂತ ಅವತ್ತ ಮ್ವಾಂಗಿ ಕೇಳಿದ. ಸಿಕ್ಕಿತು ಅಂದೆ. ಕಡೀಗೆ ಯಾರ್ಯಾರು ಉಳಿದ್ರು ಅಂತ ಅಂವ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಒಂದು ಎಲೆಯನ್ನು ಯಾರಿಗೂ ಕೊಡದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಮನೆಯ ಕಡೆ ನಡೆದರು.